ಕಷ್ಟಕಾಲದಲ್ಲಿ ಧೈರ್ಯ: ಕ್ರೈಸ್ತ ನಂಬಿಕೆ ಏನು ಹೇಳುತ್ತದೆ?

"ಕಷ್ಟ ಮನುಷ್ಯನಿಗೆ ಬರದೆ ಮರಕ್ಕೆ ಬರುತ್ತದೆಯೇ?" ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಯಾರ ಮನೆಯಲ್ಲಾದರೂ ಸಾವು ನೋವು ಆದಾಗ ಸಮಾಧಾನ ಹೇಳಲು ಬಂದವರ ಬಾಯಲ್ಲಿ ಈ ಮಾತು ಬಂದೇ ಬರುತ್ತಿತ್ತು. ಆದರೆ ಮ್ಯಾನ್‌ಹಟನ್ನಿನ ದಕ್ಷಿಣ ತುದಿಯಲ್ಲಿ, ಕಷ್ಟ ನಿಜವಾಗಿಯೂ ಮರಕ್ಕೇ ಬಂದ ಒಂದು ಜಾಗವಿದೆ. ಬ್ರಾಡ್‌ವೇ ರಸ್ತೆಯಲ್ಲಿರುವ ಸೇಂಟ್ ಪಾಲ್ಸ್ ಚಾಪೆಲ್ ಎಂಬ ಹಳೆಯ ಪ್ರಾರ್ಥನಾ ಮಂದಿರದ ಅಂಗಳ ಅದು. 2001ರ ಸೆಪ್ಟೆಂಬರ್ 11ರಂದು ಎದುರಿನ ವರ್ಲ್ಡ್ ಟ್ರೇಡ್ ಸೆಂಟರಿನ ಗೋಪುರಗಳು ಕುಸಿದು ಬಿದ್ದಾಗ, ಹಾರಿಬಂದ ಅವಶೇಷಗಳ ಹೊಡೆತವನ್ನು ಅಂಗಳದ ಮೂಲೆಯಲ್ಲಿದ್ದ ಒಂದು ದೊಡ್ಡ ಸಿಕಮೋರ್ ಮರ ತನ್ನ ಮೇಲೆ ತೆಗೆದುಕೊಂಡು ಬುಡಸಮೇತ ಉರುಳಿತು. 1766ರಲ್ಲಿ ಕಟ್ಟಿದ ಆ ಚಾಪೆಲ್ಲಿಗೆ ಹೆಚ್ಚೇನೂ ಹಾನಿಯಾಗಲಿಲ್ಲ.

ನಮ್ಮ ಕನ್ನಡ ಬಳಗದಲ್ಲಿ ನ್ಯೂಜೆರ್ಸಿಯಿಂದ ಪಾಥ್ ರೈಲಿನಲ್ಲಿ ಹೋಗಿ ಅದೇ ಗೋಪುರಗಳ ಕೆಳಗೆ ಇಳಿದು ಕೆಲಸಕ್ಕೆ ಹೋಗುತ್ತಿದ್ದವರು ಎಷ್ಟೋ ಮಂದಿ ಇದ್ದರು. ಆ ದಿನದ ಹೊಗೆ, ಆ ಫೋನ್ ಸಿಗದ ಗಂಟೆಗಳು ಅವರಿಗೆ ಇನ್ನೂ ನೆನಪಿವೆ. ಆದರೆ ಆ ನಂತರದ ಎಂಟು ತಿಂಗಳುಗಳಲ್ಲಿ ಚಾಪೆಲ್ಲಿನೊಳಗೆ ಏನು ನಡೆಯಿತು ಎನ್ನುವುದು ಅಷ್ಟಾಗಿ ಗೊತ್ತಿಲ್ಲ. ಅವಶೇಷಗಳನ್ನು ತೆಗೆಯುತ್ತಿದ್ದ ಅಗ್ನಿಶಾಮಕ ದಳದವರು, ಪೊಲೀಸರು, ಕಟ್ಟಡ ಕಾರ್ಮಿಕರು ಹಗಲೂ ರಾತ್ರಿ ಅಲ್ಲಿಗೆ ಬಂದು ಬಿಸಿ ಊಟ ಮಾಡುತ್ತಿದ್ದರು; ಬೆಂಚುಗಳ ಮೇಲೆ, ಮಂಚಗಳ ಮೇಲೆ ಮಲಗುತ್ತಿದ್ದರು. ಜಾರ್ಜ್ ವಾಷಿಂಗ್‌ಟನ್ 1789ರಲ್ಲಿ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ ದಿನ ಪ್ರಾರ್ಥನೆಗೆ ಬಂದದ್ದು ಇದೇ ಮಂದಿರಕ್ಕೆ. ಅವರು ಕೂರುತ್ತಿದ್ದ ವಿಶೇಷ ಆಸನದಲ್ಲಿ ಈಗ ಕೆಲಸಗಾರರನ್ನು ಕೂರಿಸಿ, ಬೂಟಿನಲ್ಲಿ ಬೆಂದುಹೋದ ಅವರ ಪಾದಗಳಿಗೆ ಸ್ವಯಂಸೇವಕ ವೈದ್ಯರು ಚಿಕಿತ್ಸೆ ಮಾಡುತ್ತಿದ್ದರು. ದಣಿದು ಬಂದವರು ಯಾವ ಮತದವರು ಎಂದು ಅಲ್ಲಿ ಕೇಳುವವರಿರಲಿಲ್ಲ. ಬೆಂಚುಗಳ ಬಿಳಿ ಬಣ್ಣ ಅವರ ಬೂಟು, ಬೆಲ್ಟುಗಳು ತಾಗಿ ಕೆರೆದುಹೋಯಿತು. ಅದನ್ನು ಬೇಗನೆ ಸರಿಪಡಿಸುವ ಗೋಜಿಗೆ ಯಾರೂ ಹೋಗಲಿಲ್ಲ.

ಕಷ್ಟಕಾಲದಲ್ಲಿ ಕ್ರೈಸ್ತ ನಂಬಿಕೆ ಹೇಗೆ ಧೈರ್ಯ ಕೊಡುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಆ ಕೆರೆದ ಬೆಂಚುಗಳನ್ನು ತೋರಿಸಬೇಕಿತ್ತು. ಆದರೆ ಒಬ್ಬರು ನಿಜವಾಗಿಯೂ ಕೇಳಿದ ದಿನ ನನಗೆ ಅದು ಹೊಳೆಯಲಿಲ್ಲ.

2021ರ ಮೇ ತಿಂಗಳು. ಭಾರತದಲ್ಲಿ ಕೋವಿಡ್ಡಿನ ಎರಡನೆಯ ಅಲೆ. ನಮ್ಮ ಕೂಟದ ಸ್ನೇಹಿತರೊಬ್ಬರ ತಂದೆಯವರು ಬೆಂಗಳೂರಿನಲ್ಲಿ ತೀರಿಕೊಂಡರು. ಆ ತಿಂಗಳ 4ನೇ ತಾರೀಖಿನಿಂದ ಭಾರತದಿಂದ ಅಮೆರಿಕಕ್ಕೆ ಬರುವವರ ಮೇಲೆ ನಿರ್ಬಂಧ ಹೇರಿದ್ದರು. ವೀಸಾದಲ್ಲಿರುವವರಿಗೆ, ಹೋದರೆ ತಿರುಗಿ ಬರಲು ಆಗುವುದೋ ಇಲ್ಲವೋ ಎಂಬ ಭಯ. ಒಬ್ಬನೇ ಮಗ, ತಂದೆಯ ಅಂತ್ಯಕ್ರಿಯೆಯನ್ನು ಮೊಬೈಲಿನಲ್ಲಿ ನೋಡಿದರು. ನಾನು ಫೋನು ಮಾಡಿ, "ಎಲ್ಲಾ ದೇವರ ಚಿತ್ತ, ಧೈರ್ಯ ತಂದುಕೊಳ್ಳಿ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ರೀ, ನಿಮ್ಮ ಬೈಬಲ್ಲಲ್ಲೂ ಇಷ್ಟೇನಾ ಹೇಳಿರೋದು?" ಎಂದು ಕೇಳಿದರು. ಕೋಪದಿಂದ ಕೇಳಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳುವ ಹಾಗೆ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಹುಟ್ಟಿದಾರಭ್ಯ ಪ್ರತಿ ಭಾನುವಾರ ಸಭೆಗೆ ಹೋದವನಿಗೆ ನಾಚಿಕೆಯಾಯಿತು. ಈ ಲೇಖನ ಅವರಿಗೆ ಕೊಡಬೇಕಾಗಿದ್ದ ಉತ್ತರ; ನಮ್ಮ ಬಳಗದಲ್ಲಿ ಕ್ರೈಸ್ತ ಮನೆಗಳು ಬೆರಳೆಣಿಕೆಯಷ್ಟೇ ಇರುವುದರಿಂದ ಉಳಿದವರಿಗೂ ಉಪಯೋಗವಾದೀತು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಬೈಬಲ್ಲಿನಲ್ಲಿ ಅಷ್ಟೇ ಹೇಳಿಲ್ಲ ಎನ್ನುವುದು ಮೊದಲ ಮಾತು. ಕನ್ನಡ ಬೈಬಲ್ಲಿನಲ್ಲಿ "ಕೀರ್ತನೆಗಳು" ಎಂಬ ಒಂದು ಭಾಗವಿದೆ. ಒಟ್ಟು 150 ಹಾಡುಗಳು. ದಾಸರ ಕೀರ್ತನೆ ಕೇಳಿ ಬೆಳೆದ ನಮಗೆ ಈ ಹೆಸರು ಪರಕೀಯವಲ್ಲ. ಎಲ್ಲವೂ ದೇವರ ಮಹಿಮೆಯನ್ನು ಹೊಗಳುವ ಹಾಡುಗಳೇ ಇರಬೇಕು ಎಂದು ಓದದವರು ಎಣಿಸುತ್ತಾರೆ. ಆದರೆ ಅವುಗಳಲ್ಲಿ ಮೂರರಲ್ಲೊಂದು ಪಾಲಿಗೆ ಕಡಿಮೆಯಿಲ್ಲದಷ್ಟು ಹಾಡುಗಳು ಗೋಳಿನ ಹಾಡುಗಳು. ಎಲ್ಲಿದ್ದೀಯ, ಯಾಕೆ ಮುಖ ಮರೆಸಿಕೊಂಡೆ, ಇನ್ನೆಷ್ಟು ದಿನ ಎಂದು ದೇವರನ್ನೇ ನಿಲ್ಲಿಸಿ ಕೇಳುವ ಹಾಡುಗಳು. ನಮ್ಮ ದಾಸರು ವಿಠಲನೊಡನೆ ಜಗಳಕ್ಕೆ ನಿಂತದ್ದು ಗೊತ್ತಿರುವವರಿಗೆ ಈ ಸಲಿಗೆ ಅರ್ಥವಾದೀತು. ಈ ಬಗೆಯ ಹಾಡುಗಳು ಹೆಚ್ಚಾಗಿ ಅಳುವಿನಲ್ಲಿ ಶುರುವಾಗಿ ಭರವಸೆಯಲ್ಲಿ ಮುಗಿಯುತ್ತವೆ. ಆದರೆ 88ನೆಯ ಕೀರ್ತನೆ ಹಾಗಲ್ಲ. ಅದರಲ್ಲಿ ಸಮಾಧಾನದ ತಿರುವು ಬರುವುದೇ ಇಲ್ಲ. ಕತ್ತಲೆಯ ಮಾತಿನಲ್ಲೇ ನಿಂತುಬಿಡುತ್ತದೆ. ಎರಡು ಸಾವಿರ ವರ್ಷಗಳಿಗಿಂತ ಹೆಚ್ಚು ಕಾಲದಿಂದ ಯೆಹೂದ್ಯರೂ ಆಮೇಲೆ ಕ್ರೈಸ್ತರೂ ಅದನ್ನು ತೆಗೆದುಹಾಕದೆ, ತಿದ್ದದೆ ಇಟ್ಟುಕೊಂಡಿದ್ದಾರೆ. ಕೆಲವು ದಿನಗಳು ಹಾಗೆಯೇ ಮುಗಿಯುತ್ತವೆ ಎಂದು ಅವರಿಗೂ ಗೊತ್ತಿತ್ತು.

ಯೇಸುವಿನ ಕತೆಯಲ್ಲೂ ಇದೇ ಇದೆ. ಹಿಡಿದುಕೊಂಡು ಹೋದ ರಾತ್ರಿ, ಅದಕ್ಕೆ ಸ್ವಲ್ಪ ಮುಂಚೆ, ಗೆತ್ಸೇಮನೆ ಎಂಬ ತೋಟದಲ್ಲಿ ಆತ ಹೆದರಿದ, ಕಳವಳಪಟ್ಟ. ಈ ಸಂಕಟ ತನಗೆ ಬರದಿರಲಿ ಎಂದು ಬಿಡದೆ ಬೇಡಿಕೊಂಡ. ನನ್ನ ಜೊತೆ ಎಚ್ಚರವಾಗಿರಿ ಎಂದು ಸ್ನೇಹಿತರನ್ನು ಕೇಳಿದ, ಅವರು ನಿದ್ದೆಹೋದರು. ಆಮೇಲೆ ನಿನ್ನ ಚಿತ್ತದಂತಾಗಲಿ ಎಂದು ಎದ್ದು ಹೊರಟ. ಶಿಲುಬೆಯ ಮೇಲೆ ಆತ ಕೂಗಿದ್ದು, ದೇವರು ಕೈಬಿಟ್ಟನೆಂದು ಮೊರೆಯಿಡುವ 22ನೆಯ ಕೀರ್ತನೆಯ ಮೊದಲ ಸಾಲನ್ನು. "ದೇವರ ಚಿತ್ತ" ಎಂಬ ಮಾತು ಕ್ರೈಸ್ತರ ಬಾಯಲ್ಲಿ ಸದಾ ಇರುತ್ತದೆ, ನಿಜ. ಆದರೆ ಅದು ಆ ತೋಟದಲ್ಲಿ ಅತ್ತು ಬೇಡಿಕೊಂಡ ಮೇಲೆ, ಸ್ವತಃ ನೋವುಂಡವನ ಬಾಯಿಂದ ಬಂದ ಮಾತು. ಪಕ್ಕದಲ್ಲಿ ನಿಂತವರು ಫೋನಿನಲ್ಲಿ ಹೇಳಬೇಕಾದ ಮಾತಲ್ಲ. ನಾನು ತಪ್ಪಿದ್ದು ಅಲ್ಲೇ.

ಪ್ರಾರ್ಥಿಸಿದ್ದೆಲ್ಲ ಸಿಗುತ್ತದೆ ಎಂದೂ ಆ ಗ್ರಂಥ ಹೇಳುವುದಿಲ್ಲ. ಮೊದಲ ತಲೆಮಾರಿನ ಪ್ರಮುಖ ಬೋಧಕನಾದ ಪೌಲನಿಗೆ ದೇಹದಲ್ಲಿ ಯಾವುದೋ ಒಂದು ಬಾಧೆ ಇತ್ತು. ಮುಳ್ಳು ಎಂದು ಅದನ್ನು ಕರೆದಿದ್ದಾನೆ. ಅದನ್ನು ತೆಗೆದುಹಾಕು ಎಂದು ಮೂರು ಸಲ ಬೇಡಿದ, ಬಾಧೆ ಹೋಗಲಿಲ್ಲ. ಅದರೊಡನೆ ಬಾಳುವಷ್ಟು ಕೃಪೆ ಸಿಕ್ಕಿತು ಎಂದು ತಾನೇ ಬರೆದಿದ್ದಾನೆ. ನಂಬಿಕೆ ಗಟ್ಟಿಯಾಗಿದ್ದರೆ ಕಾಯಿಲೆ ಓಡಿಹೋಗುತ್ತದೆ, ಹೋಗದಿದ್ದರೆ ನಂಬಿಕೆ ಸಾಲದು ಎಂದು ಟಿವಿಯಲ್ಲಿ ಕೂಗಿ ಹೇಳುವ ಬೋಧಕರು ಈ ದೇಶದಲ್ಲೂ ಇದ್ದಾರೆ, ನಮ್ಮ ಊರುಗಳಲ್ಲೂ ಇದ್ದಾರೆ. ನೊಂದವರ ಮೇಲೆ ಇನ್ನೊಂದು ಹೊರೆ ಹೊರಿಸುವ ಅಂಥ ಮಾತಿಗೆ ಪೌಲನ ಪತ್ರವೇ ಉತ್ತರ ಎಂದು ನನ್ನ ಅಭಿಪ್ರಾಯ.

ಇದು ಪುಸ್ತಕದ ಮಾತಾಯಿತು. ಇಂಥ ನಂಬಿಕೆ ಇಟ್ಟುಕೊಂಡವರು ಕಷ್ಟದಲ್ಲಿ ನಿಜವಾಗಿ ಏನು ಮಾಡಿದರು? ನಮ್ಮ ಕನ್ನಡ ನಾಡಿನಲ್ಲೇ ನೋಡಬಹುದು.

1834ರ ಅಕ್ಟೋಬರ್ 30ರಂದು ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದಿಳಿದರು. ಎರಡು ವರ್ಷಗಳ ನಂತರ ಬಂದ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು "ಮಂಗಳೂರ ಸಮಾಚಾರ" ಪತ್ರಿಕೆಯನ್ನು ಆರಂಭಿಸಿದ್ದು ನಮಗೆಲ್ಲ ಗೊತ್ತು. ಆ ದಿನವೇ ಕರ್ನಾಟಕದಲ್ಲಿ ಪತ್ರಿಕಾ ದಿನಾಚರಣೆ. ಆದರೆ ಈ ಜರ್ಮನ್ನರ ಮನೆಯೊಳಗಿನ ಕತೆ ಪತ್ರಿಕಾ ದಿನದ ಭಾಷಣಗಳಲ್ಲಿ ಬರುವುದಿಲ್ಲ. ಮೋಗ್ಲಿಂಗರ ಬಂಧುವೂ ಸಹೋದ್ಯೋಗಿಯೂ ಆಗಿದ್ದ ಗಾಟ್‌ಫ್ರೀಡ್ ವೈಗ್ಲೆ ಕನ್ನಡ ಬೈಬಲ್ ಅನುವಾದವನ್ನು ಪರಿಷ್ಕರಿಸುವ ಕೆಲಸದಲ್ಲಿ ತೊಡಗಿದ್ದವರು 1855ರಲ್ಲಿ ತೀರಿಕೊಂಡರು. ಅವರ ವಿಧವೆ ಪೌಲೀನಾರನ್ನು ಮುಂದೆ ಮೋಗ್ಲಿಂಗ್ ಮದುವೆಯಾಗಿ ಆ ಸಂಸಾರಕ್ಕೆ ಆಸರೆಯಾದರು. ಕೊನೆಗೆ ಪತ್ನಿಯ ಅನಾರೋಗ್ಯದಿಂದಾಗಿ 1860ರಲ್ಲಿ, ಪ್ರೀತಿಯ ಕೆಲಸವನ್ನು ಅರ್ಧಕ್ಕೆ ಬಿಟ್ಟು, ಜರ್ಮನಿಗೆ ಹಿಂದಿರುಗಬೇಕಾಯಿತು.

ನಮ್ಮ ಮಕ್ಕಳಿಗೂ ಹೆಸರಿನಿಂದ ಪರಿಚಯವಿರುವ ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ, 21 ವರ್ಷದವರಾಗಿದ್ದಾಗ ಭಾರತಕ್ಕೆ ಬಂದರು. 1860ರಲ್ಲಿ ಮದುವೆ, ನಾಲ್ಕೇ ವರ್ಷಗಳಲ್ಲಿ, 1864ರಲ್ಲಿ, ಪತ್ನಿ ತೀರಿಕೊಂಡರು. ಕೆಲವು ವರ್ಷಗಳ ನಂತರ ಆಕೆಯ ತಂಗಿಯನ್ನು ವರಿಸಿದರು. ಮಿಷನ್ನಿನ ಹಿರಿಯರಿಗೂ ಅವರಿಗೂ ಪೂರ್ಣ ಹೊಂದಾಣಿಕೆ ಇರಲಿಲ್ಲ. ಮತಪ್ರಚಾರಕ್ಕೆ ಬಂದವನು ಹಳಗನ್ನಡ ವ್ಯಾಕರಣ, ಛಂದಸ್ಸು ಎಂದು ತಾಳೆಗರಿಗಳಲ್ಲಿ ಮುಳುಗಿದರೆ ಹೇಗೆ ಎಂಬ ಅಸಮಾಧಾನ. ಒಂಟಿತನ, ದುಡಿದು ದುಡಿದು ಸೋತ ಕಣ್ಣು. ಒಮ್ಮೆ ಜರ್ಮನಿಗೆ ಮರಳಿದವರು ನಿಘಂಟಿನ ಕೆಲಸಕ್ಕಾಗಿ ಮತ್ತೆ ಬಂದರು. ಇಪ್ಪತ್ತು ವರ್ಷಕ್ಕೂ ಮಿಕ್ಕಿದ ದುಡಿಮೆಯ ಫಲವಾಗಿ 1894ರಲ್ಲಿ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದಿತು. ಅವರು ಎದೆಯೊಳಗೆ ಏನೇನು ನುಂಗಿಕೊಂಡರು ಎನ್ನುವುದಕ್ಕೆ ಆ ಪುಟಗಳಲ್ಲಿ ಸುಳಿವಿಲ್ಲ. ಒಂದೊಂದೇ ಪದ, ಅದರ ಅರ್ಥ, ಅದರ ಪ್ರಯೋಗ. ಆಮೇಲೆ ಮುಂದಿನ ಪದ.

ಅವರು ಹೊರಗಿನಿಂದ ಬಂದವರು, ಹಿಂದಿರುಗಲು ಒಂದು ದೇಶವಿತ್ತು ಎನ್ನಬಹುದು. ಸರಿ. ಹಾಗಾದರೆ ಸ್ಥಳೀಯ ಕ್ರೈಸ್ತರನ್ನು ನೋಡಿ. ಮತಾಂತರದ ಬಗ್ಗೆ ನಮ್ಮೊಳಗೆ ಬೇರೆಬೇರೆ ಅಭಿಪ್ರಾಯಗಳಿವೆ, ಅದು ಹಾಗಿರಲಿ. 19ನೆಯ ಶತಮಾನದ ಕರಾವಳಿಯಲ್ಲಿ ಸಭೆ ಸೇರಿದವನು ಮನೆ, ಆಸ್ತಿ, ಕುಲಕಸುಬು ಮೂರನ್ನೂ ಒಂದೇ ದಿನ ಕಳೆದುಕೊಳ್ಳುತ್ತಿದ್ದದ್ದಂತೂ ನಿಜ. ಅವರ ಹೊಟ್ಟೆಪಾಡಿಗೆಂದು ಮಿಷನ್ ನೇಯ್ಗೆ ಮಗ್ಗಗಳನ್ನು ಹಾಕಿತು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮಂಗಳೂರು ಹೆಂಚು ಎಂದು ದೇಶವಿದೇಶಗಳಿಗೆ ಹೋದ ಸರಕಿನ ಹಿಂದೆ ಹೀಗೆ ಮನೆಯಿಂದ ಹೊರಬಿದ್ದವರ ಕೈಗಳೂ ಇದ್ದವು. 1914ರಲ್ಲಿ ಮಹಾಯುದ್ಧ ಬಂತು. ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರ್ಕಾರ ಶತ್ರುದೇಶದವರೆಂದು ಬಂಧಿಸಿ ಆಮೇಲೆ ತಾಯ್ನಾಡಿಗೆ ಕಳಿಸಿಬಿಟ್ಟಿತು. ಕಾರ್ಖಾನೆಗಳು ಬೇರೆಯವರ ಕೈಸೇರಿದವು. ಎಂಬತ್ತು ವರ್ಷ ಯಾರ ಬೆನ್ನಿಗೆ ನಿಂತು ಬೆಳೆದಿದ್ದರೋ ಅವರೇ ಇಲ್ಲವಾದರು. ಆದರೆ ಸಭೆಗಳು ಮುಚ್ಚಲಿಲ್ಲ. ಸ್ಥಳೀಯ ಬೋಧಕರು, ಶಾಲೆಯ ಮೇಷ್ಟ್ರುಗಳು, ಸಭೆಯ ಹಿರಿಯರು ಸೇರಿ ನಡೆಸಿಕೊಂಡು ಹೋದರು.

ಇದಕ್ಕಿಂತ ಹಿಂದಿನ, ಇದಕ್ಕಿಂತ ದಾರುಣವಾದ ಒಂದು ಕಾಲವನ್ನು ಕರಾವಳಿಯ ಕೊಂಕಣಿ ಮಾತನಾಡುವ ಕಥೋಲಿಕರು ಕಂಡಿದ್ದರು. 1784ರಲ್ಲಿ, ಬ್ರಿಟಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಅವರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ದಾರಿಯಲ್ಲೂ ಸೆರೆಯಲ್ಲೂ ಬಹಳ ಮಂದಿ ಸತ್ತರು. ಊರಲ್ಲಿ ಇಗರ್ಜಿಗಳು ನೆಲಸಮವಾದವು. ಸಂಖ್ಯೆಗಳ ಬಗ್ಗೆ, ಕಾರಣಗಳ ಬಗ್ಗೆ ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ನಮ್ಮ ಈ ಸಂಚಿಕೆ ಆ ವಾದಕ್ಕೆ ಜಾಗವಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರು ಹಿಂದಿರುಗಿದರು. ಹದಿನೈದು ವರ್ಷ. ಹೋಗುವಾಗ ತಾಯಿಯ ಸೊಂಟದಲ್ಲಿದ್ದ ಮಗು ಬರುವಾಗ ಹದಿಹರೆಯದ ಹುಡುಗ. ಹೊಲ ಬೇರೆಯವರ ಕೈಯಲ್ಲಿ. ಎಲ್ಲಿಂದ ಶುರುಮಾಡುವುದು?

ಅವರು ಹಬ್ಬವನ್ನೂ ಮತ್ತೆ ಹಿಡಿದರು ಎನ್ನುವುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಸೆಪ್ಟೆಂಬರ್ 8, ಕನ್ಯಾ ಮರಿಯಮ್ಮನ ಜನ್ಮದಿನ. ಮಂಗಳೂರಿನ ಕಡೆ ಇದು ಮೊಂತಿ ಹಬ್ಬ, ತೆನೆಹಬ್ಬ. ನೇತ್ರಾವತಿ ತೀರದ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ 1763ರಲ್ಲಿ ಫಾದರ್ ಮಿರಾಂದಾ ಇದನ್ನು ಆರಂಭಿಸಿದರೆಂದು ಹೇಳುತ್ತಾರೆ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲ ಮರಿಯಮ್ಮನಿಗೆ ಎರಚುತ್ತಾರೆ. ಹಬ್ಬದ ದಿನ ಪಾದ್ರಿಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಗೊಂದರಂತೆ ಕೊಡುತ್ತಾರೆ. ಮನೆಯ ಹಿರಿಯರು ಆ ಕಾಳು ಸುಲಿದು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ಮೀನಿಲ್ಲದೆ ತುತ್ತು ಇಳಿಯದ ಮನೆಗಳಲ್ಲೂ ಅಂದು ಬರೀ ತರಕಾರಿಯ ಊಟ! ನಮ್ಮ ಕೊಡಗಿನವರ ಹುತ್ತರಿಗೂ, ತುಳುನಾಡಿನ ಕೊರಲ ಹಬ್ಬಕ್ಕೂ ಇದಕ್ಕೂ ಇರುವ ನೆಂಟಸ್ತಿಕೆ ಓದುಗರಿಗೆ ಹೇಳಬೇಕಾಗಿಲ್ಲ.

ಆ ಊಟಕ್ಕೆ ಕೂರಲಾರದವರಿಗೆಂದು, ಅಂದರೆ ಮುಂಬಯಿಗೋ ಗಲ್ಫಿಗೋ ದುಡಿಯಲು ಹೋದ ಮಕ್ಕಳಿಗೆಂದು, ಒಂದೆರಡು ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವ ರೂಢಿ ಬಂತು. ಮನೆಯಿಂದ ದೂರವಿರುವವನಿಗೂ ಹೊಸ ಅಕ್ಕಿಯಲ್ಲಿ ಪಾಲುಂಟು. ಅಮೆರಿಕದ ಕಸ್ಟಮ್ಸಿನವರು ಸಿಪ್ಪೆಯಿರುವ ಭತ್ತವನ್ನು ಒಳಗೆ ಬಿಡುವುದಿಲ್ಲ, ಆದ್ದರಿಂದ ನಮ್ಮ ಕಡೆಯವರಿಗೆ ಈಗ ಬರುವುದು ತೆನೆಯ ಫೋಟೋ ಅಷ್ಟೇ. ಕಷ್ಟದಲ್ಲಿ ಧೈರ್ಯ ಎಂದಾಗ ಯುದ್ಧಕ್ಕೆ ಹೊರಟ ವೀರನೇ ನಮ್ಮ ಕಣ್ಣಮುಂದೆ ಬರುತ್ತಾನೆ. ಹದಿನೈದು ವರ್ಷ ಸೆರೆಯಲ್ಲಿದ್ದು ಬಂದವರು, ಮುರಿದ ಇಗರ್ಜಿಯ ಮುಂದೆ, ತಾವು ಉತ್ತಿ ಬೆಳೆದ ಮೊದಲ ತೆನೆಯನ್ನು ಮತ್ತೆ ಆಶೀರ್ವಾದಕ್ಕೆ ಹಿಡಿದದ್ದೂ ಧೈರ್ಯವೇ.

ಇನ್ನು ನಾವು ವಾಸವಾಗಿರುವ ಈ ಪ್ರದೇಶಕ್ಕೂ ನಮ್ಮೂರಿಗೂ ಸಂಬಂಧ ಬೆಸೆದ ಒಂದು ಕತೆ. ಬೆಂಗಳೂರಿನಲ್ಲೋ ಕೋಲಾರದಲ್ಲೋ ದೊಡ್ಡ ಕಾಯಿಲೆ ಬಂದವರಿಗೆ, "ವೆಲ್ಲೂರಿಗೆ ಕರ್ಕೊಂಡ್ ಹೋಗಿ" ಎಂದು ಹೇಳುವುದು ನಾವು ಚಿಕ್ಕವರಾಗಿದ್ದಾಗ ವಾಡಿಕೆ. ಕಾಟ್ಪಾಡಿಯಲ್ಲಿ ರೈಲಿಳಿದು, ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಆಸ್ಪತ್ರೆಯ ಎದುರಿನ ಲಾಡ್ಜಿನಲ್ಲಿ ವಾರಗಟ್ಟಲೆ ಕಾದ ಕನ್ನಡ ಕುಟುಂಬಗಳು ಎಷ್ಟಿಲ್ಲ! ಆ ಆಸ್ಪತ್ರೆಯ ಬೇರು ನ್ಯೂಜೆರ್ಸಿಯ ಫ್ರೀಹೋಲ್ಡ್‌ನಲ್ಲಿದೆ. ಅಲ್ಲಿ 1793ರಲ್ಲಿ ಹುಟ್ಟಿದ ಜಾನ್ ಸ್ಕಡರ್ ನ್ಯೂಯಾರ್ಕಿನಲ್ಲಿ ವೈದ್ಯನಾಗಿ ಚೆನ್ನಾಗಿ ನಡೆಯುತ್ತಿದ್ದ ವೃತ್ತಿಯನ್ನು ಬಿಟ್ಟು 1819ರಲ್ಲಿ ಸಿಂಹಳಕ್ಕೆ ಹಡಗು ಹತ್ತಿದರು. ಆಮೇಲೆ ಮದ್ರಾಸಿಗೆ ಬಂದರು. ಆ ದಂಪತಿ ಎಳೆಯ ಮಕ್ಕಳನ್ನು ಈ ದೂರದೇಶದಲ್ಲಿ ಮಣ್ಣುಮಾಡಬೇಕಾಯಿತು. ಬದುಕುಳಿದ ಗಂಡುಮಕ್ಕಳಲ್ಲಿ ಏಳು ಮಂದಿ ತಂದೆಯ ಹಾದಿಯನ್ನೇ ಹಿಡಿದರು. ಅವರಲ್ಲೊಬ್ಬರ ಮಗಳು ಐಡಾ.

1870ರಲ್ಲಿ ರಾಣಿಪೇಟೆಯಲ್ಲಿ ಹುಟ್ಟಿದ ಐಡಾ ಸ್ಕಡರ್‌ಗೆ ಈ ಸೇವೆ ಗೀವೆ ಏನೂ ಬೇಡವಾಗಿತ್ತು. ಅಮೆರಿಕಕ್ಕೆ ಹೋಗಿ ಸುಖವಾಗಿರಬೇಕು ಎಂದಿದ್ದವಳು. ತಾಯಿಯ ಕಾಯಿಲೆಯಿಂದಾಗಿ ಬಂದಿದ್ದಾಗ, ಒಂದು ರಾತ್ರಿ ಒಬ್ಬರ ಹಿಂದೊಬ್ಬರಂತೆ ಮೂವರು ಗಂಡಸರು ಬಾಗಿಲು ತಟ್ಟಿದರು. ಮೂವರ ಹೆಂಡಂದಿರಿಗೂ ಹೆರಿಗೆಯ ಸಂಕಟ. ಗಂಡು ವೈದ್ಯರನ್ನು ಒಳಗೆ ಬಿಡುವ ಸಂಪ್ರದಾಯವಿಲ್ಲ, ನೀವೇ ಬನ್ನಿ ಎಂದರು. ನನಗೆ ವೈದ್ಯ ಗೊತ್ತಿಲ್ಲ, ನನ್ನ ತಂದೆ ಬರುತ್ತಾರೆ ಎಂದಳು ಐಡಾ. ಅವರು ಒಪ್ಪಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ಸತ್ತಿದ್ದರು. ಆಕೆ ನ್ಯೂಯಾರ್ಕಿಗೆ ಹೋಗಿ ಕಾರ್ನೆಲ್ ವೈದ್ಯಕೀಯ ಕಾಲೇಜಿನಿಂದ 1899ರಲ್ಲಿ ಪದವಿ ಪಡೆದಳು. ಹೊರಡುವ ಮೊದಲು ಆಸ್ಪತ್ರೆಗೆಂದು ಮನೆಮನೆ ತಿರುಗಿ ಚಂದಾ ಎತ್ತಿದಳು. ಷೆಲ್ ಎಂಬ ಮ್ಯಾನ್‌ಹಟನ್ನಿನ ಬ್ಯಾಂಕರ್ ಒಬ್ಬರು ತೀರಿಹೋದ ಪತ್ನಿಯ ನೆನಪಿಗೆ 10,000 ಡಾಲರ್ ಕೊಟ್ಟರು. ಇದನ್ನು ಒಂದು ಸಹಾಯಾರ್ಥ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ ಎಂಬ ಎಚ್ಚರ ನನಗಿದೆ, ಓದುಗರು ನಕ್ಕರೂ ಸರಿ! 1900ರಲ್ಲಿ ವೆಲ್ಲೂರಿಗೆ ಬಂದ ಕೆಲವೇ ತಿಂಗಳಲ್ಲಿ, ಯಾರ ನೆರಳಲ್ಲಿ ಕೆಲಸ ಕಲಿಯಬೇಕೆಂದು ಎಣಿಸಿದ್ದಳೋ ಆ ತಂದೆ ತೀರಿಕೊಂಡರು. ಹೊಸ ಡಾಕ್ಟರಮ್ಮನನ್ನು ನಂಬಿ ಬರುವವರು ಮೊದಮೊದಲು ಇರಲಿಲ್ಲ. ಒಂದೇ ಹಾಸಿಗೆಯಿಂದ ಶುರುವಾದ ದವಾಖಾನೆ 1902ರಲ್ಲಿ 40 ಹಾಸಿಗೆಗಳ ಆಸ್ಪತ್ರೆಯಾಯಿತು. 1918ರಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಕೀಯ ಶಾಲೆ ಬಂತು.

ಅದೇ ಕಾಲೇಜಿನಲ್ಲಿ ಕಲಿತ ಮೇರಿ ವರ್ಗೀಸ್ ಎಂಬ ಕೇರಳದ ಯುವ ವೈದ್ಯೆಯ ಕತೆ ನನಗೆ ಇನ್ನೂ ಹತ್ತಿರದ್ದು. 1954ರಲ್ಲಿ ಜೊತೆಯ ವೈದ್ಯರೊಡನೆ ಹೋಗುತ್ತಿದ್ದ ವಾಹನ ಉರುಳಿ ಬೆನ್ನುಹುರಿಗೆ ಪೆಟ್ಟಾಯಿತು. ಕಾಲುಗಳ ಸ್ವಾಧೀನ ಶಾಶ್ವತವಾಗಿ ತಪ್ಪಿತು. ಮುಖದ ಮೇಲೆ ಗಾಯದ ಕಲೆ ಉಳಿಯಿತು. ಭಕ್ತಿಯ ಮನೆಯಲ್ಲಿ ಹುಟ್ಟಿದ ಹುಡುಗಿಯೇ. ಆದರೂ ಬದುಕಿ ಏನು ಪ್ರಯೋಜನ ಎಂದು ಹತಾಶಳಾದಳು, ಅತ್ತಳು, ದೇವರನ್ನು ಪ್ರಶ್ನಿಸಿದಳು. 88ನೆಯ ಕೀರ್ತನೆಯ ದಿನಗಳು ಎನ್ನೋಣ. ಆಗ ವೆಲ್ಲೂರಿನಲ್ಲಿದ್ದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಮಡಚಿಹೋದ ಬೆರಳುಗಳನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಹೆಸರಾಗಿದ್ದರು. ಅವರು ಉಪದೇಶ ಮಾಡಲಿಲ್ಲ. ಕೈಯ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡುವುದು. ನಿಮ್ಮ ಕೈಗಳು ಚೆನ್ನಾಗಿವೆಯಲ್ಲ, ಬನ್ನಿ ಎಂದು ಕರೆದರು. ಗಾಲಿಕುರ್ಚಿಯಲ್ಲಿ ಕುಳಿತೇ ಆಕೆ ಶಸ್ತ್ರವೈದ್ಯೆಯಾದರು. ಬೆರಳು ಸೋತವರಿಗೆ, ಕಾಲು ಸೋತವರು ಚಿಕಿತ್ಸೆ ಮಾಡಿದರು. ಮುಂದೆ 1960ರ ದಶಕದ ಆರಂಭದಲ್ಲಿ ನ್ಯೂಯಾರ್ಕಿಗೆ ಬಂದು ಮ್ಯಾನ್‌ಹಟನ್ನಿನ ಈಸ್ಟ್ 34ನೇ ಬೀದಿಯಲ್ಲಿದ್ದ ಡಾಕ್ಟರ್ ಹೋವರ್ಡ್ ರಸ್ಕ್ ಅವರ ಪುನರ್ವಸತಿ ಸಂಸ್ಥೆಯಲ್ಲಿ ತರಬೇತಿ ಪಡೆದರು. ಇಲ್ಲಿನ ಚಳಿ, ಹಿಮ, ಫುಟ್‌ಪಾತಿನ ಅಂಚುಗಳು ಗಾಲಿಕುರ್ಚಿಯಲ್ಲಿರುವ ಒಂಟಿ ಹೆಣ್ಣಿಗೆ ಆ ಕಾಲದಲ್ಲಿ ಹೇಗಿದ್ದಿರಬಹುದೆಂದು ಊಹಿಸಿಕೊಳ್ಳಿ. ಇಲ್ಲೇ ಉಳಿದು ನೆಮ್ಮದಿಯಾಗಿರಬಹುದಿತ್ತು. ಹಿಂದಿರುಗಿ ವೆಲ್ಲೂರಿನಲ್ಲಿ ಬೆನ್ನುಹುರಿ ಪೆಟ್ಟಾದವರಿಗಾಗಿ ಪುನರ್ವಸತಿ ವಿಭಾಗವನ್ನು ಕಟ್ಟಿದರು. 1966ರಲ್ಲಿ ಅದಕ್ಕೊಂದು ಪ್ರತ್ಯೇಕ ಕೇಂದ್ರವೂ ಬಂತು. 1972ರಲ್ಲಿ ಪದ್ಮಶ್ರೀ. 1986ರಲ್ಲಿ ತೀರಿಕೊಂಡರು.

ಈ ಕತೆಗಳಲ್ಲೆಲ್ಲ ನನಗೆ ಕಂಡ ಸಂಗತಿ ಇದು: ಇವರು ಯಾರೂ ಅಳುವನ್ನು ನಂಬಿಕೆಗೆ ವಿರುದ್ಧ ಎಂದು ತಿಳಿಯಲಿಲ್ಲ. ಅಳು ಇದ್ದಾಗಲೇ ಕೈಗೊಂದು ಕೆಲಸ ಬಂತು. ಆ ಕೆಲಸವನ್ನು ತಂದುಕೊಡಲು, ಇಲ್ಲವೇ ಪಕ್ಕದಲ್ಲಿ ನಿಲ್ಲಲು ಒಬ್ಬರಾದರೂ ಇದ್ದರು. ಔಷಧ ಬೇಕಾದಲ್ಲಿ ಔಷಧವನ್ನೇ ಹುಡುಕಿದರು. ಮನಸ್ಸು ಕುಗ್ಗಿದಾಗ ಪ್ರಾರ್ಥನೆ ಸಾಕು, ಡಾಕ್ಟರು ಬೇಡ ಎನ್ನುವವರು ವೆಲ್ಲೂರನ್ನು ಕಟ್ಟಿದವರ ಕಡೆ ಒಮ್ಮೆ ನೋಡಬೇಕು.

ಪಕ್ಕದಲ್ಲಿ ನಿಲ್ಲುವ ವಿಷಯಕ್ಕೆ ಬೈಬಲ್ಲಿನಲ್ಲಿ ಒಂದು ಪಾಠವಿದೆ. ಯೋಬ ಎಂಬ ಸಜ್ಜನ ಮಕ್ಕಳನ್ನು, ಆಸ್ತಿಯನ್ನು, ಆರೋಗ್ಯವನ್ನು ಕಳೆದುಕೊಂಡು ಬೂದಿಯಲ್ಲಿ ಕುಳಿತಿದ್ದಾಗ ಮೂವರು ಸ್ನೇಹಿತರು ಬಂದರು. ಅವನ ಸ್ಥಿತಿ ನೋಡಿ ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕುಳಿತರು, ಒಂದು ಮಾತೂ ಆಡಲಿಲ್ಲ. ಅವರು ಮಾಡಿದ ಒಳ್ಳೆಯ ಕೆಲಸ ಅಷ್ಟೇ. ಆಮೇಲೆ ಬಾಯಿಬಿಟ್ಟು, ನೀನೇನೋ ತಪ್ಪು ಮಾಡಿರಬೇಕು, ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಪುಟಗಟ್ಟಲೆ ವಿವರಿಸಿದರು. ಕೊನೆಯಲ್ಲಿ ದೇವರು ಬೈದದ್ದು, ತನ್ನೊಡನೆ ಜಗಳವಾಡಿದ ಯೋಬನಿಗಿಂತ ಹೆಚ್ಚಾಗಿ ತನ್ನ ಪರವಾಗಿ ವಾದಿಸಿದ ಈ ಮೂವರನ್ನು!

ಈ ಭಾಗ ನನಗೆ ಭಾನುವಾರದ ಶಾಲೆಯಿಂದಲೂ ಗೊತ್ತಿತ್ತು. ಆದರೂ ಫೋನಿನಲ್ಲಿ ನಾನು ಮಾಡಿದ್ದು ಆ ಮೂವರ ಕೆಲಸವನ್ನೇ.

ಆ ಸ್ನೇಹಿತರ ಮನೆಗೆ ನಾನು ಹೋದದ್ದು ಹದಿನಾಲ್ಕನೆಯ ದಿನ. ವೈಕುಂಠ ಸಮಾರಾಧನೆಯನ್ನು ಹಿಂದಿನ ದಿನ ಪುರೋಹಿತರು ಜೂಮ್‌ನಲ್ಲೇ ಮಾಡಿಸಿದ್ದರಂತೆ. ಲಸಿಕೆ ಹಾಕಿಸಿಕೊಂಡಿದ್ದರೂ ಒಳಗೆ ಕರೆಯಲು ಅವರಿಗೆ ಸಂಕೋಚ; ಹಿತ್ತಲಿನ ಡೆಕ್ಕಿನ ಮೇಲೆ ಎರಡು ಕುರ್ಚಿ ಹಾಕಿದರು. ಮನೆಯಾಕೆ ಕೊಟ್ಟಿದ್ದ ಹುಳಿ ಅನ್ನದ ಡಬ್ಬಿಯನ್ನು ಮೇಜಿನ ಮೇಲಿಟ್ಟು ಕುಳಿತೆ. ಬಹಳ ಹೊತ್ತು ಇಬ್ಬರೂ ಮಾತನಾಡಲಿಲ್ಲ. ಆಮೇಲೆ ಅವರೇ ತಂದೆಯ ಹಳೆಯ ಬಜಾಜ್ ಸ್ಕೂಟರಿನ ವಿಷಯ ತೆಗೆದರು. ಅದನ್ನು ಬಲಕ್ಕೆ ವಾಲಿಸಿ, ಆಮೇಲೆ ಒದ್ದರೇ ಸ್ಟಾರ್ಟ್ ಆಗುತ್ತಿದ್ದದ್ದು, ಸೋಮವಾರ ಬೆಳಿಗ್ಗೆ ಮಲ್ಲೇಶ್ವರದ ಏರಿನಲ್ಲಿ ನಿಂತುಹೋಗುತ್ತಿದ್ದದ್ದು, ಹಿಂದೆ ಕೂತ ಮಗನಿಗೆ ಶಾಲೆಗೆ ತಡವಾಗುತ್ತಿದ್ದದ್ದು. ನಗುತ್ತಾ ಹೇಳುತ್ತಿದ್ದವರು ನಡುವೆ ಒಮ್ಮೆ ಕನ್ನಡಕ ತೆಗೆದರು. ನಾನು ಏನೂ ಹೇಳಲಿಲ್ಲ. ಕತ್ತಲಾಗುವ ಹೊತ್ತಿಗೆ ಎದ್ದು ಹೊರಟಾಗ ಗೇಟಿನವರೆಗೆ ಬಂದರು.

"ಮುಂದಿನ ಶನಿವಾರನೂ ಬನ್ನಿ" ಎಂದರು.